ತಸ್ಲೀಮಳ ಮೊಣಕಾಲಿನ ಬಾವು

ಡಂಬಳದ ತಸ್ಲೀಮ ಹೊಲಿಗೆ ಯಂತ್ರದ ಮುಂದೆ ಕುಳಿತರೆ ಕೆರೆಯ ಗಾಳಿ ಕಿಟಕಿಯಿಂದ ಬಂದು ಬಟ್ಟೆಗಳನ್ನು ಮೆಲ್ಲಗೆ ತೂಗುತ್ತಿತ್ತು. ಆದರೆ ಎರಡು ವರ್ಷದಿಂದ ಅವಳ ಬಲ ಮೊಣಕಾಲು ಮತ್ತೆ ಮತ್ತೆ ಬಾತುಕೊಳ್ಳುತ್ತಿತ್ತು. ಬಿದ್ದಿರಲಿಲ್ಲ, ಪೆಟ್ಟಾಗಿರಲಿಲ್ಲ. ಎಣ್ಣೆ ತಿಕ್ಕಿದರೆ ನಾಲ್ಕು ದಿನ ಇಳಿದಂತಾಗಿ ಮತ್ತೆ ಉಬ್ಬುತ್ತಿತ್ತು. ಕನಸಿನಲ್ಲಿ ಓಡುತ್ತಿದ್ದಳು, ಎದ್ದರೆ ಮಂಚ ಇಳಿಯಲು ಅತ್ತೆಯ ಹೆಗಲು ಬೇಕಾಗುತ್ತಿತ್ತು.

ಒಂದು ಮಧ್ಯಾಹ್ನ ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಸುಮಿತ್ರವ್ವ ಬಂದರು. ಮೊಣಕಾಲು ಮುಟ್ಟಿ ನೋಡಿದರು.

"ಇಷ್ಟ ದಿನ ಬಾವು ಇಳೀವಲ್ದು ಅಂದ್ರ ಬರೇ ವಾತ ಅಲ್ಲವಾ. ಗದಗಿನ್ಯಾಗ ಎಲುವಿನ ಡಾಕ್ಟರಿಗೆ ತೋರಸೂಣು."

ಅತ್ತೆ ಅಮೀನಬಿ ಗಾಬರಿಯಾದರು. "ಬ್ಯಾಡವಾ ಸುಮಿತ್ರವ್ವ. ಗಡ್ಡಿ ಅಂತಾರ, ಕ್ಯಾನ್ಸರ್ ಅಂತಾರ, ಕಾಲ ಕಡೀತಾರ!"

"ಚಾಚಿ, ನೋಡದ ಹೆಂಗ ಹೇಳಾಕ ಬರತೈತ್ರಿ? ನಾನೂ ಜೋಡಿ ಬರತೀನಿ."

ತಸ್ಲೀಮ ಅತ್ತೆಯ ಕೈ ಹಿಡಿದಳು. "ಕಾಲ ಉಳಸ್ಕೊಳ್ಳಾಕ ಹೋಗೂಣು ಅತ್ತಿ."

ಗದಗಿನ ಡಾಕ್ಟರು ಸೂಜಿಯಿಂದ ಕೀಲಿನ ನೀರು ತೆಗೆದರು. ಅದು ಹಳೆಯ ರಕ್ತದಂತೆ ಕಂದು ಬಣ್ಣಕ್ಕಿತ್ತು. ಎಂಆರ್‌ಐ ಮಾಡಿಸಿದರು. ಆ ಯಂತ್ರದ ದಬದಬ ಸದ್ದಿನಲ್ಲೇ ತಸ್ಲೀಮಳಿಗೆ ಜೊಂಪು ಹತ್ತಿತು, ನೀರಿನ ಮೇಲೆ ಹಗುರವಾಗಿ ತೇಲಿದಂತೆ.

"ಕೀಲಿನ ಒಳಪದರ ಗಂಟಗಂಟಾಗಿ ಬೆಳದೈತಿ," ಎಂದರು ಡಾಕ್ಟರು. "ಭಾಳ ಅಪರೂಪದ ಗಡ್ಡಿ. ಕ್ಯಾನ್ಸರ್ ಇದ್ದಂಗ ಕಾಣಂಗಿಲ್ಲ. ಆದ್ರ ಹಂಗ ಬಿಟ್ರ ಕೀಲು ಸವೀತೈತಿ."

"ಕಾಲ ಕಡೀತೀರೇನ್ರಿ?" ಅಮೀನಬಿ ಸೊಸೆಯ ಕಾಲಿಗೆ ಕೈ ಅಡ್ಡ ಹಿಡಿದರು.

"ಇಲ್ಲವ್ವಾ. ಸಣ್ಣ ತೂತು ಮಾಡಿ, ದುರ್ಬೀನು ಹಾಕಿ ಗಡ್ಡಿ ಅಷ್ಟ ತಗೀತೀವಿ. ತಗದದ್ದನ್ನ ಪರೀಕ್ಷೆಗೆ ಕಳಸ್ತೀವಿ."

ಆಪರೇಷನ್ ಆಯಿತು. ಪರೀಕ್ಷೆಯ ವರದಿಗೆ ಎಂಟು ದಿನ ಕಾಯಬೇಕಾಯಿತು. ಆ ಎಂಟು ದಿನ ಅಮೀನಬಿ ಸರಿಯಾಗಿ ಉಣ್ಣಲಿಲ್ಲ. ಒಂಬತ್ತನೆಯ ದಿನ ಸುಮಿತ್ರವ್ವನೇ ಖಬರ ತಂದರು: "ಕ್ಯಾನ್ಸರ್ ಅಲ್ರಿ ಚಾಚಿ!" ಅಮೀನಬಿ ಸೊಸೆಯನ್ನು ತಬ್ಬಿಕೊಂಡು ಅತ್ತುಬಿಟ್ಟರು.

ಡಾಕ್ಟರು ಹೇಳಿಕೊಟ್ಟ ವ್ಯಾಯಾಮವನ್ನು ಅತ್ತೆಯೇ ಎದುರು ಕುಳಿತು ದಿನವೂ ಮಾಡಿಸಿದರು. ಮೂರು ತಿಂಗಳಿಗೆ ಹೊಲಿಗೆ ಯಂತ್ರ ಮತ್ತೆ ಸದ್ದು ಮಾಡಿತು. ಈ ಗಡ್ಡೆ ಮರುಕಳಿಸಬಹುದು. ಅದಕ್ಕೇ ಅತ್ತೆ ಸೊಸೆ ಇಬ್ಬರೂ ಡಾಕ್ಟರು ಹೇಳಿದ ತಾರೀಖಿಗೆ ತಪ್ಪದೆ ಗದಗಿಗೆ ಹೋಗಿ ತೋರಿಸುತ್ತಾರೆ. ಮೊನ್ನೆ ಹಾಗೆ ಹೋಗುವಾಗ ಬಾತ ಮೊಣಕಾಲು ಹಿಡಿದು ಕುಂಟುತ್ತ ಬಸ್ಸು ಹತ್ತಿದ ಹೆಂಗಸಿಗೆ ಅಮೀನಬಿ ಜಾಗ ಬಿಟ್ಟು ಕೇಳಿದರು: "ಎಷ್ಟ ದಿನಾತವಾ ಬಾವು ಬಂದು? ಡಾಕ್ಟರಿಗೆ ತೋರಿಸೀಯೇನು?"

ಅದೇ ಮಾತನ್ನು ನಿಮಗೂ ಕೇಳುತ್ತೇವೆ. ಪೆಟ್ಟಿಲ್ಲದೆ ಮೊಣಕಾಲು ಬಾತು, ವಾರಗಟ್ಟಲೆ ಇಳಿಯದಿದ್ದರೆ ಎಣ್ಣೆ ತಿಕ್ಕುತ್ತ ಕೂರಬೇಡಿ, ಹೆದರಿ ಮುಚ್ಚಿಡಬೇಡಿ. ಇಂದೇ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕರೆಯಿರಿ, ಡಾಕ್ಟರಿಗೆ ತೋರಿಸಿ.