ಪಕ್ಕದ ಕೌಂಟಿಯಲ್ಲಿ ಜಾಯ್ಸನ್

ಅಮೆರಿಕದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಜಾಯ್ಸನ್‌ನ ಸಂಬಂಧ ಬಂದಾಗ, ಒಮಾನಿನ ಬರ್ಕಾದಲ್ಲಿದ್ದ ಗ್ರೆಟ್ಟಾ ಮಗಳು ಆಂಡ್ರಿಯಾಳನ್ನು ಲ್ಯಾಪ್‌ಟಾಪ್ ಮುಂದೆ ಕೂರಿಸಿದರು. ಅಮೆರಿಕದಲ್ಲಿ ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ, ಪೊಲೀಸರು ಯಾರನ್ನಾದರೂ ಬಂಧಿಸಿದರೆ ಅದರ ದಾಖಲೆ ಕೌಂಟಿಯ ವೆಬ್‌ಸೈಟಿನಲ್ಲೇ ಸಿಗುತ್ತದೆ ಎಂದು ಆಫೀಸಿನಲ್ಲಿ ಯಾರೋ ಅವರಿಗೆ ಹೇಳಿದ್ದರು.

ಜಾಯ್ಸನ್ ಇರುವ ಕೌಂಟಿಯಲ್ಲಿ ಹುಡುಕಿದ ಕೂಡಲೇ ಅದೇ ಹೆಸರಿನವನೊಬ್ಬ ಸಿಕ್ಕಿದ. ಕಳ್ಳತನದ ಕೇಸು. ಗ್ರೆಟ್ಟಾರ ಮುಖ ಬಾಡಿತು.

“ಮಮ್ಮಿ, ಫೋಟೊ ನೋಡಿ. ಇದು ಯಾರೋ ಮುದುಕ,” ಎಂದು ಆಂಡ್ರಿಯಾ ನಕ್ಕಳು. ಆದರೂ ಹೇಳದೆ ಹುಡುಕಿದ್ದು ಅವಳಿಗೆ ಸರಿ ಕಾಣಲಿಲ್ಲ. ಜಾಯ್ಸನ್‌ಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಅವನು ಬೇಸರಪಡಲಿಲ್ಲ. “ನಾನು ಮೊದಲು ಪಕ್ಕದ ಕೌಂಟಿಯಲ್ಲಿದ್ದೆ. ಅಲ್ಲಿ ಹುಡುಕಿ, ನನ್ನ ಹೆಸರು ಉಂಟು,” ಎಂದ.

ನಿಜವಾಗಿಯೂ ಇತ್ತು. ಸಂಚಾರ ನಿಯಮದ ಕೇಸೊಂದರಲ್ಲಿ ಕೋರ್ಟಿಗೆ ಹಾಜರಾಗದ್ದಕ್ಕೆ ಬಂಧನ, ಅದೇ ದಿನ ಬಿಡುಗಡೆ, ಕೇಸು ವಜಾ.

“ನೋಟಿಸ್ ಹಳೇ ಮನೆಗೆ ಹೋಗಿತ್ತು. ನನಗೆ ಗೊತ್ತಾದದ್ದೇ ಪೊಲೀಸರು ಬಂದಾಗ. ನಮ್ಮ ಮನೆಯವರಿಗೆ ಇನ್ನೂ ಹೇಳಿಲ್ಲ,” ಎಂದು ಜಾಯ್ಸನ್ ಮೆಲ್ಲಗೆ ಹೇಳಿದ.

ಗ್ರೆಟ್ಟಾ ಮಗಳ ಕೈಯಿಂದ ಫೋನ್ ತೆಗೆದುಕೊಂಡರು. “ನಾವೂ ಹೇಳುವುದಿಲ್ಲ ಮಗಾ. ಡಿಸೆಂಬರಿನಲ್ಲಿ ಊರಿಗೆ ಬರ್ತೇವೆ. ಆಗ ನೀನೂ ಬಾ, ಕೂತು ಮಾತಾಡುವ.”

ಆಂಡ್ರಿಯಾ ಬೇಡವೆನ್ನಲಿಲ್ಲ. ನಗುತ್ತಾ ಲ್ಯಾಪ್‌ಟಾಪ್ ಮುಚ್ಚಿದಳು.