ಒಂಬತ್ತನೇ ಕೋಣೆಯ ಕುರ್ಚಿ

"ನೋಡಿ, ಹೀಗೆ ಮುಟ್ಟಿದ್ರೆ ಸಾಕು, ಅಲ್ಲಾಡುತ್ತೆ," ಎಂದು ಬಾವುಟ ಹಿಡಿದ ಗೈಡು ಹಗ್ಗದ ಆಚೆಗೆ ಕೈ ಚಾಚಿ ಕುರ್ಚಿಯ ಬೆನ್ನನ್ನು ಒಂದು ಬೆರಳಿನಿಂದ ತಳ್ಳಿದ. ಮರದ ಕಟ್ಟೆಯ ಮೇಲೆ ಕುರ್ಚಿ ಟಕ್ ಟಕ್ ಎಂದಿತು. ಮೂವತ್ತು ಜನರ ಗುಂಪು ಒಟ್ಟಿಗೇ ಫೋನುಗಳನ್ನು ಮೇಲೆತ್ತಿತು. "ಹಿಂದಿನ ಎಡಗಾಲು ಮಿಕ್ಕ ಮೂರಕ್ಕಿಂತ ಒಂದು ಬೆರಳು ಉದ್ದ. ಯಾಕೆ ಹೇಳಿ? ದೊರೆಗೆ ಒಂದು ಕಾಲು ಗಿಡ್ಡ ಇತ್ತು!"

ಗೋಡೆಗೆ ಒರಗಿ ನಿಂತಿದ್ದ ಕಾವಲಿನ ಹೆಂಗಸು ಹಲ್ಲು ಕಚ್ಚಿದಳು. ಇಪ್ಪತ್ತಾರು ವರ್ಷದಿಂದ ಈ ಅರಮನೆ ಮ್ಯೂಸಿಯಮ್ಮಿನ ಒಂಬತ್ತನೇ ಕೋಣೆಯನ್ನೇ ಕಾಯುತ್ತ ಬಂದದ್ದರಿಂದ ಅವಳಿಗೆ ಒಂಬತ್ತಮ್ಮ ಎಂದೇ ಹೆಸರು ಬಿದ್ದಿತ್ತು. ಗಿಡ್ಡ ಕಾಲಂತೆ, ಗಿಡ್ಡ ಕಾಲು! ಎದುರಿನ ಗೋಡೆಯ ಮೇಲೆ ಅದೇ ದೊರೆ ಆಳೆತ್ತರದ ಚಿತ್ರದಲ್ಲಿ ಎರಡೂ ಕಾಲುಗಳನ್ನು ನೆಟ್ಟಗೆ ಊರಿಕೊಂಡು ನಿಂತಿದ್ದ. ಮೂವತ್ತು ಜನರಲ್ಲಿ ಒಬ್ಬರಾದರೂ ಕತ್ತು ಹೊರಳಿಸಿ ಅದನ್ನು ನೋಡಬೇಕಲ್ಲ. ಊಹೂಂ.

ಪ್ರವಾಸಿಗರೆಂದರೆ ಅವಳಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ರಾಜಧಾನಿ ನೋಡಲು ಬರುತ್ತಾರೆ, ಒಂದೇ ದಿನದಲ್ಲಿ ಮುಗಿಸಬೇಕು. ಒಂಬತ್ತಕ್ಕೆ ಗೋಪುರ, ಹನ್ನೊಂದಕ್ಕೆ ಅರಮನೆ, ಎರಡಕ್ಕೆ ಅಕ್ವೇರಿಯಂ, ನಾಲ್ಕಕ್ಕೆ ದೋಣಿ, ರಾತ್ರಿ ಬಣ್ಣದ ಕಾರಂಜಿ. ದೊರೆ ಹನ್ನೆರಡು ವರ್ಷ ಕೂತು ದೇಶದ ಕಾನೂನು ಬರೆದ ಕೋಣೆಯಲ್ಲಿ ಈ ಮಹಾಶಯರು ನಿಲ್ಲುವುದು ನಾಲ್ಕು ನಿಮಿಷ. ಅದರಲ್ಲಿ ಮೂರು ನಿಮಿಷ ತಮ್ಮದೇ ಮುಖದ ಫೋಟೋ. ಕೇಳುವ ಪ್ರಶ್ನೆಯೋ, ಆ ಮಸಿ ಕುಡಿಕೆ ನಿಜವಾದ ಚಿನ್ನವಾ, ಟಾಯ್ಲೆಟ್ ಎಲ್ಲಿದೆ, ಇಲ್ಲಿ ದೆವ್ವ ಇದೆಯಂತೆ ಹೌದಾ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದುಕೊಂಡು ಒಂಬತ್ತಮ್ಮ ಬಾಯಿಗೆ ಬಂದ ಉತ್ತರ ಕೊಟ್ಟು ಕಳಿಸುತ್ತಿದ್ದಳು.

ಆದರೆ ಹೀಗೆ ನಿಂತುಕೊಂಡಲ್ಲ, ಕೂತುಕೊಂಡು. ಅದೇ ಕುರ್ಚಿಯ ಮೇಲೆ.

ಕುರ್ಚಿ ಅವಳದು. ಹತ್ತು ವರ್ಷದ ಹಿಂದೆ ಅವಳ ಗಂಡ ಮಾಡಿಕೊಟ್ಟದ್ದು. ಬಾಗಿಲ ಮೂಲೆಯಲ್ಲಿ, ಕಾವಲಿನವರು ಕೂರುವ ಜಾಗದಲ್ಲಿ, ನೆಲದ ಹಲಗೆ ಒಂದು ಕಡೆ ಕುಸಿದಿತ್ತು. ಕೋಣೆಯಲ್ಲಿ ಯಾರ ಕೈಯಿಂದ ಏನು ಜಾರಿ ಬಿದ್ದರೂ ಉರುಳಿಕೊಂಡು ಬಂದು ಆ ಮೂಲೆ ಸೇರುತ್ತಿತ್ತು. ಆಫೀಸಿನವರು ಕೊಟ್ಟ ಎರಡು ಪ್ಲಾಸ್ಟಿಕ್ ಕುರ್ಚಿಗಳು ಅಲ್ಲಿ ಕಾಲು ಮುರಿದುಕೊಂಡಿದ್ದವು. ಒಂದು ದಿನ ಅವಳ ಗಂಡ ಊಟದ ಡಬ್ಬಿ ಕೊಡಲು ಬಂದವನು ನೆಲದ ಮೇಲೆ ಪೆನ್ಸಿಲ್ ಉರುಳಿಸಿ ನೋಡಿದ. ಬಡಗಿ ಅವನು. ಮಡಿಸುವ ಅಳತೆಪಟ್ಟಿ ತೆಗೆದು, ಮಂಡಿಯೂರಿ, ಮೂಲೆಯನ್ನು ನಾಲ್ಕು ಸಲ ಅಳೆದ. "ಸರ್ಕಾರ ನೆಲ ರಿಪೇರಿ ಮಾಡಿಸೋ ಹೊತ್ತಿಗೆ ನೀನು ರಿಟೈರ್ ಆಗಿರ್ತೀಯ. ಕುರ್ಚಿ ಕಾಲನ್ನೇ ಉದ್ದ ಮಾಡ್ತೀನಿ ಬಿಡು," ಎಂದ. ಯಾವುದೋ ಹಳೇ ಮನೆ ಕೆಡವಿದಾಗ ಸಿಕ್ಕ ಬಾಗಿಲಿನ ತೇಗದಲ್ಲಿ ಹದಿನೈದು ದಿನ ಕೂತು ಮಾಡಿದ. ಆಗಿನ ಮ್ಯೂಸಿಯಮ್ಮಿನ ಸಾಹೇಬರು ನೋಡಿ, "ಇಟ್ಕೊಳ್ಳಿ, ಚೆನ್ನಾಗಿದೆ," ಎಂದರು, ಅಷ್ಟೇ. ಕಾಗದ ಪತ್ರ ಏನೂ ಇಲ್ಲ. ಗಂಡ ತೀರಿಕೊಂಡು ಈಗ ನಾಲ್ಕು ವರ್ಷ.

ಈ ವರ್ಷ ಹೊಸ ಸಾಹೇಬ ಬಂದ. ಬಂದವನೇ ಅರಮನೆಯ ವಸ್ತುಗಳನ್ನೆಲ್ಲ ಹೊಸದಾಗಿ ಪಟ್ಟಿ ಮಾಡಲು ಹೊರಟು ಪಟ್ಟಿಸಾಹೇಬ ಎನಿಸಿಕೊಂಡ. ಒಂಬತ್ತನೇ ಕೋಣೆಯ ಪಟ್ಟಿ ಮಾಡುವ ವಾರ ಒಂಬತ್ತಮ್ಮ ಮಂಡಿನೋವಿಗೆ ರಜೆ ಹಾಕಿದ್ದಳು. ತಿರುಗಿ ಬಂದು ನೋಡಿದರೆ ಅವಳ ಕುರ್ಚಿ ಕಟ್ಟೆ ಏರಿ ಕೂತಿತ್ತು. ಸುತ್ತ ಕೆಂಪು ಹಗ್ಗ, ಮುಂದೆ ಚೀಟಿ: ದೊರೆಯ ವಿಶೇಷ ಆಸನ, ಸುಮಾರು ಇನ್ನೂರು ವರ್ಷ ಹಳೆಯದು.

"ಸಾರ್, ಅದು ನನ್ನ ಕುರ್ಚಿ," ಎಂದು ಅವಳು ಅವತ್ತೇ ಆಫೀಸಿಗೆ ಹೋಗಿ ಹೇಳಿದ್ದಳು.

"ಬಿಲ್ ಇದೆಯಾ?"

"ಗಂಡ ಮಾಡಿಕೊಟ್ಟಿದ್ದಕ್ಕೆ ಯಾವ ಬಿಲ್ ಸಾರ್?"

ಪಟ್ಟಿಸಾಹೇಬ ಮೇಜಿನ ಡ್ರಾಯರ್ ಎಳೆದ. ಪ್ರವಾಸಿಗರು ಬರೆಯುವ ಅಭಿಪ್ರಾಯ ಪುಸ್ತಕ ತೆಗೆದು, ಗುರುತು ಹಾಕಿದ್ದ ಪುಟ ಬಿಚ್ಚಿ ಅವಳ ಮುಂದೆ ಇಟ್ಟ. ಆರು ವರ್ಷದ ಹಿಂದೆ ಯಾರೋ ದುಂಡಗೆ ಬರೆದಿದ್ದರು: 'ಒಂಬತ್ತನೇ ಕೋಣೆಯ ಸಿಬ್ಬಂದಿ ಬಹಳ ತಿಳಿದವರು. ಬಾಗಿಲ ಬಳಿಯ ಹಳೆಯ ಕುರ್ಚಿಯಲ್ಲಿ ದೊರೆಯವರೇ ಕೂರುತ್ತಿದ್ದರೆಂದು ಪ್ರೀತಿಯಿಂದ ವಿವರಿಸಿದರು.'

"ಸಿಬ್ಬಂದಿ ಅಂದ್ರೆ ನೀವೇ ತಾನೆ? ನೀವು ಹೇಳಿದ್ದು ನಿಜವೋ, ಸುಳ್ಳೋ? ಸುಳ್ಳು ಅಂದ್ರೆ ಹೇಳಿ. ಪ್ರವಾಸಿಗರಿಗೆ ತಪ್ಪು ಮಾಹಿತಿ ಕೊಟ್ಟಿದ್ದಕ್ಕೆ ಏನು ಕ್ರಮ ಅಂತ ನಿಮಗೇ ಗೊತ್ತಲ್ಲ."

ಅವಳಿಗೆ ಆ ಮನುಷ್ಯ ನೆನಪಾದ. ಬಿಸಿಲು ಟೋಪಿ, ಕೈಯಲ್ಲೊಂದು ಪುಸ್ತಕ, ಇಪ್ಪತ್ತು ಪ್ರಶ್ನೆ. ತಲೆ ಚಿಟ್ಟು ಹಿಡಿಸಿದ್ದ. ಕೊನೆಗೆ ಅವಳು ಕೂತಿದ್ದ ಕುರ್ಚಿಯನ್ನೂ ತೋರಿಸಿ ಇದು ಯಾರದು ಎಂದಾಗ, ತೊಲಗಲಿ ಎಂದು, "ದೊರೆದೇ," ಎಂದಿದ್ದಳು. ಅವನು ಹೋದ ಮೇಲೆ ಎಂಟನೇ ಕೋಣೆಯ ಕಾವಲಿನವನನ್ನು ಕರೆದು ಹೇಳಿ ನಕ್ಕಿದ್ದಳು ಕೂಡ. ಮಾಡಿದ್ದುಣ್ಣೋ ಮಹರಾಯ. ಪೆನ್ಷನ್ನಿಗೆ ಇನ್ನು ಹದಿನೈದು ತಿಂಗಳು ಬಾಕಿ. ಅವಳು ಹೊರಗೆ ಬಂದಳು. ಬೇರೆ ಕುರ್ಚಿ ಕೇಳಿದ್ದಕ್ಕೆ ಮುಂದಿನ ವರ್ಷ ನೋಡೋಣ ಎಂದರು. ಅವತ್ತಿನಿಂದ ಇಪ್ಪತ್ತೆರಡು ದಿನ, ತನ್ನ ಕುರ್ಚಿಯ ಪಕ್ಕದಲ್ಲೇ, ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ, ನಿಂತೇ ಇದ್ದಾಳೆ.

"ಗಿಡ್ಡ ಕಾಲು ಅಂತ ಮ್ಯೂಸಿಯಂನ ಹೊಸ ಕೈಪಿಡೀಲಿ ಬರೆದಿದ್ದಾರೆ," ಗೈಡು ಈಗ ದನಿ ಇಳಿಸಿ, ಗುಟ್ಟು ಹೇಳುವವನಂತೆ ಮುಂದುವರಿಸಿದ. "ಆದ್ರೆ ನಿಜ ವಿಷಯ ನಾನು ಹೇಳ್ತೀನಿ ಕೇಳಿ. ಮಾಡಿದ ಬಡಗಿಗೆ ಅಳತೇನೇ ಬರ್ತಿರಲಿಲ್ಲ! ಕುಡುಕ ನನ್ಮಗ. ದೊರೆ ಕೂತಿದ್ದೇ ತಡ, ದಬಾರ್! ಮಾರನೇ ದಿನ ಆ ಬಡಗಿ ಕೈ ಕತ್ತರಿಸಿಬಿಟ್ರಂತೆ."

ಗುಂಪು ಗೊಳ್ಳೆಂದು ನಕ್ಕಿತು.

ಒಂಬತ್ತಮ್ಮನ ಮಂಡಿಯ ನೋವು ಆ ಕ್ಷಣ ಎಲ್ಲಿ ಹೋಯಿತೋ. ನಾಲ್ಕು ಸಲ ಅಳೆದವನು. ಒಂದು ತೊಟ್ಟು ಮುಟ್ಟದವನು. ಅವಳು ನೇರ ಹೋಗಿ ಹಗ್ಗದ ಕೊಕ್ಕೆ ಕಳಚಿ ನೆಲಕ್ಕೆ ಬಿಟ್ಟಳು.

"ಅಮ್ಮಾ, ಏನ್ ಮಾಡ್ತಿದ್ದೀರ?" ಗೈಡು ಗಾಬರಿಯಾದ. "ಮುಟ್ಟಬಾರದು ಅದು!"

"ಇಷ್ಟು ಹೊತ್ತು ಬೆರಳಲ್ಲಿ ತಿವೀತಿದ್ದೆಯಲ್ಲ, ಆಗ ಎಲ್ಲಿ ಹೋಗಿತ್ತು ಈ ಬುದ್ಧಿ? ಸರಿ ಆಕಡೆ."

ಅವಳು ಕುರ್ಚಿಯನ್ನು ಕಟ್ಟೆಯಿಂದ ಇಳಿಸಿದಳು. ಫೋನುಗಳು ಮತ್ತೆ ಮೇಲೆದ್ದವು. ಯಾರೋ ಓಡಿ ಹೋಗಿ ಹೇಳಿರಬೇಕು, ಅವಳು ಕುರ್ಚಿಯನ್ನು ಎಳೆದುಕೊಂಡು ಬಾಗಿಲ ಮೂಲೆ ತಲುಪುವ ಹೊತ್ತಿಗೆ ಪಟ್ಟಿಸಾಹೇಬ ಏದುಸಿರು ಬಿಡುತ್ತ ಬಂದ. ಗೈಡಿಗೆ ಕಣ್ಣಲ್ಲೇ ಸನ್ನೆ ಮಾಡಿದ. ಗೈಡು ಬಾವುಟ ಎತ್ತಿ, ಅಕ್ವೇರಿಯಮ್ಮಿಗೆ ತಡವಾಗುತ್ತದೆಂದು ಕೂಗುತ್ತ ಗುಂಪನ್ನು ಹತ್ತನೇ ಕೋಣೆಗೆ ಅಟ್ಟಿಕೊಂಡು ಹೋದ.

"ತಲೆ ಕೆಟ್ಟಿದೆಯಾ ನಿಮಗೆ? ಏನಿದು?"

"ಈ ಕುರ್ಚಿ ಅಲ್ಲಾಡೋದು ಬಡಗಿ ತಪ್ಪಲ್ಲ ಸಾರ್. ಇಲ್ಲಿ ನೆಲ ಡೊಂಕು. ನೆಲ ನೋಡಿ ಮಾಡಿದ್ದು."

"ಓಹೋ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ಕುಣಿಯೋದು ಬೇಡ. ಕೂತ್ಕೊಳ್ಳಿ."

"ಏನು?"

"ಕೂತ್ಕೊಳ್ಳಿ ಸಾರ್."

ಅವಳು ಉದ್ದದ ಕಾಲನ್ನು ಕುಸಿದ ಹಲಗೆಗೆ ಕೊಟ್ಟು, ಬೆನ್ನನ್ನು ಗೋಡೆಯ ಕಡೆ ತಿರುಗಿಸಿದ್ದಳು. ಆ ದನಿಗೋ ಏನೋ, ಪಟ್ಟಿಸಾಹೇಬ ಕೂತ. ಎಡಕ್ಕೆ ವಾಲಿದ, ಬಲಕ್ಕೆ ವಾಲಿದ. ಕುರ್ಚಿ ಮಿಸುಕಲಿಲ್ಲ. ಅವನು ಎದ್ದು ನಿಂತದ್ದೇ ಅವಳು ಅದನ್ನು ತಲೆಕೆಳಗು ಮಾಡಿದಳು. ಆಸನದ ಅಡಿಯಲ್ಲಿ ಬಡಗಿಯ ದಪ್ಪ ಪೆನ್ಸಿಲ್ಲಿನಲ್ಲಿ ಒಂದು ಬಾಣದ ಗುರುತು, ಪಕ್ಕದಲ್ಲಿ ಸೊಟ್ಟ ಅಕ್ಷರ: 'ಈ ಕಾಲು ಗೋಡೆಗೆ. ಒಂಬತ್ತನೇ ರೂಮು.' ಕೆಳಗೆ ತಾರೀಕು, ಹತ್ತು ವರ್ಷದ ಹಿಂದಿನದು.

ಇಡೀ ಅರಮನೆಯನ್ನು ಪಟ್ಟಿ ಮಾಡಿದ ಮಹಾನುಭಾವ ಒಂದು ಕುರ್ಚಿಯನ್ನು ತಿರುವಿ ನೋಡಿರಲಿಲ್ಲ. ಅವನ ಕಿವಿ ಕೆಂಪಾಯಿತು.

"ಅಭಿಪ್ರಾಯ ಪುಸ್ತಕದಲ್ಲಿರೋದು ಸುಳ್ಳು," ಎಂದಳು ಒಂಬತ್ತಮ್ಮ. ಕುರ್ಚಿಯ ಕಾಲನ್ನು ಅದುಮಿ ಹಿಡಿದಳು. "ನಾನೇ ಹೇಳಿದ್ದು. ಬೇಕಂತಲೇ ಹೇಳಿದ್ದು. ಬರ್ಕೊಳ್ಳಿ, ಸೈನ್ ಹಾಕ್ತೀನಿ. ಪೆನ್ಷನ್ ಹೋದ್ರೆ ಹೋಗ್ಲಿ. ಅಳತೆ ಬರ್ತಿರಲಿಲ್ಲ ಅಂತ ಮಾತ್ರ ಅನ್ನಿಸ್ಕೊಂಡು ಪಕ್ಕದಲ್ಲಿ ನಿಂತಿರೋಕೆ ನನ್ನಿಂದ ಆಗಲ್ಲ."

ಪಟ್ಟಿಸಾಹೇಬ ಜೇಬಿನಿಂದ ಪೆನ್ನು ತೆಗೆದ. ತೆಗೆದವನು ಹಾಗೇ ನಿಂತ. ಅವಳ ಸುಳ್ಳಿನ ಬಗ್ಗೆ ಬರೆಯಬೇಕಾದರೆ ಅದನ್ನು ನಂಬಿದವರು ಯಾರೆಂದೂ ಬರೆಯಬೇಕಲ್ಲ. ಹೊಸ ಕೈಪಿಡಿಯ ರಕ್ಷಾಪುಟದಲ್ಲಿ ಇದೇ ಕುರ್ಚಿ, ಅದರ ಪಕ್ಕದಲ್ಲಿ ಸಾಹೇಬ ಎದೆಯುಬ್ಬಿಸಿ ನಿಂತ ಫೋಟೋ. ಅವನು ಹತ್ತನೇ ಕೋಣೆಯ ಕಡೆ ಕಣ್ಣು ಹಾಯಿಸಿದ, ಪೆನ್ನನ್ನು ಒಳಗಿಟ್ಟ.

"ಒಂದು ಕೆಲಸ ಮಾಡಿ ಅಮ್ಮಾ," ಎಂದ, ದನಿ ಈಗ ಬೆಣ್ಣೆ. "ಆರು ಗಂಟೆ ಮೇಲೆ ಹಿಂದಿನ ಗೇಟಿಂದ ಮನೆಗೆ ತಗೊಂಡು ಹೋಗಿಬಿಡಿ. ದುರಸ್ತಿಗೆ ಹೋಗಿದೆ ಅಂತ ಚೀಟಿ ಹಾಕ್ತೀನಿ. ಯಾರೂ ಕೇಳಲ್ಲ."

"ನಮ್ಮನೆ ನೆಲ ಸಮ ಇದೆ ಸಾರ್. ಅಲ್ಲಿ ಇದು ಅಲ್ಲಾಡುತ್ತೆ."

ಅವನು ಕಟ್ಟೆಯ ಹತ್ತಿರ ಹೋದ. ಬಗ್ಗಿ, ಅದರ ಮುಂದಿನ ಚೀಟಿಯನ್ನು ಕಿತ್ತು, ಎರಡಾಗಿ ಮಡಿಸಿ ಜೇಬಿಗೆ ಸೇರಿಸಿಕೊಂಡು ಹೋದ. ಹಗ್ಗ ಎತ್ತುವುದನ್ನೂ ಮರೆತ. ಇಷ್ಟೇ ಇವರ ಹಣೆಬರಹ ಎಂದುಕೊಂಡಳು ಒಂಬತ್ತಮ್ಮ.

ಅವಳು ಕುರ್ಚಿಯನ್ನು ನೆಟ್ಟಗಿಟ್ಟು, ಸೆರಗಿನಿಂದ ಆಸನ ಒರೆಸಿ, ಎರಡೂ ಮಂಡಿಗಳನ್ನು ಹಿಡಿದುಕೊಂಡು ಮೆಲ್ಲಗೆ ಕೂತಳು. ಅಯ್ಯೋ ಎಂಬ ಉಸಿರು ಹೊಟ್ಟೆಯಿಂದ ಬಂತು. ಕಣ್ಣಲ್ಲಿ ನೀರು ಬಂದದ್ದಕ್ಕೆ ತನ್ನ ಮೇಲೇ ಸಿಟ್ಟಾಯಿತು.

ಅಷ್ಟರಲ್ಲಿ ಮುಂದಿನ ಗುಂಪು ನುಗ್ಗಿತು. ಕೈಪಿಡಿ ಹಿಡಿದ ಹೆಂಗಸೊಬ್ಬಳು ಖಾಲಿ ಕಟ್ಟೆ ನೋಡಿದಳು, ರಕ್ಷಾಪುಟ ನೋಡಿದಳು, ಒಂಬತ್ತಮ್ಮನನ್ನು ನೋಡಿದಳು.

"ಇದೇ ಅಲ್ವಾ? ಇದು ದೊರೆ ಕುರ್ಚಿ ತಾನೆ?"

"ನಂದು," ಎಂದಳು ಒಂಬತ್ತಮ್ಮ. "ನಮ್ಮ ಯಜಮಾನ್ರು ಮಾಡಿದ್ದು."

"ಹೌದಾ..." ಹೆಂಗಸಿನ ಮುಖ ಸಪ್ಪಗಾಯಿತು. ಎತ್ತಿದ ಫೋನನ್ನು ಇಳಿಸಿ, ಚಿನ್ನದ ಮಸಿ ಕುಡಿಕೆಯ ಕಡೆಗೆ ಹೋದಳು.

ಅಲ್ಲಿನ ನೂಕುನುಗ್ಗಲಲ್ಲಿ ಯಾರದೋ ಕ್ಯಾಮೆರಾದ ಕರಿ ಮುಚ್ಚಳ ಕೈಜಾರಿ ನೆಲಕ್ಕೆ ಬಿತ್ತು. ಕಳೆದುಕೊಂಡವನು ಬಗ್ಗಿ ಮೇಜಿನ ಅಡಿಯಲ್ಲೆಲ್ಲ ಹುಡುಕತೊಡಗಿದ. ಮುಚ್ಚಳ ಅಷ್ಟೂ ಕಾಲುಗಳ ನಡುವೆ ನುಸುಳಿ, ಕೋಣೆಯನ್ನು ಅಡ್ಡಲಾಗಿ ದಾಟಿ, ಬಾಗಿಲ ಮೂಲೆಗೆ ಉರುಳಿ ಬಂದು, ಕುರ್ಚಿಯ ಉದ್ದದ ಕಾಲಿಗೆ ತಾಗಿ ನಿಂತಿತು.