ಪ್ಲಾಸ್ಟಿಕ್ಕಿನೊಳಗಿನ ಔಷಧ ಚೀಟಿ

ನಾನು ಒಂದು ಔಷಧ ಚೀಟಿ. ಗದಗಿನ ಸಣ್ಣ ಮುದ್ರಣಾಲಯವೊಂದರಲ್ಲಿ, ನೂರು ಹಾಳೆಯ ಪ್ಯಾಡಿನಲ್ಲಿ ಎಪ್ಪತ್ಮೂರನೆಯ ಹಾಳೆಯಾಗಿ ಹುಟ್ಟಿದೆ. ನನ್ನ ಹಿಂದೆ ಮುಂದೆ ಇದ್ದವರ ಪಾಲಿಗೆ ಕೆಮ್ಮು, ಅಜೀರ್ಣ, ಮಂಡಿನೋವು ಬಂದವು. ನನ್ನ ಪಾಲಿಗೆ ಬಂದದ್ದು ಈರಪ್ಪ ಬಡಿಗೇರ, ವಯಸ್ಸು ಐವತ್ತೆಂಟು, ಬೆನ್ನುಮೂಳೆಗೆ ಇಳಿದ ಕ್ಯಾನ್ಸರ್.

ಗುರುವಾರಕ್ಕೊಮ್ಮೆ ಮಾತ್ರ ಬರುವ ಆಯುರ್ವೇದ ವೈದ್ಯೆ ನನ್ನ ಮೇಲೆ ಬರೆದರು: ವಿಜಯಾ ತೈಲ, ನಾಲಿಗೆಯ ಕೆಳಗೆ ಎರಡು ಹನಿ, ದಿನಕ್ಕೆ ಎರಡು ಸಲ. ಅದು ಗಾಂಜಾ ಎಲೆಯಿಂದ ತಯಾರಾಗುವ ಎಣ್ಣೆ.

"ಇದಕ್ಕ ಕಾಯ್ದೆದಾಗ ಅವಕಾಶ ಐತಿ, ಅಂಜಬ್ಯಾಡ್ರಿ. ಆದ್ರ ಈ ಚೀಟಿ ಜ್ವಾಕಿ," ಎಂದು ಈರಪ್ಪನ ಹೆಂಡತಿ ನೀಲವ್ವನಿಗೆ ಹೇಳಿದರು. ಆಗ ನನಗೆ ಭಾರೀ ಹೆಮ್ಮೆಯಾಯಿತು.

ಹಲ್ಲು ಕಚ್ಚಿ ಮಲಗಿರುತ್ತಿದ್ದ ಈರಪ್ಪ ನಾಲ್ಕನೆಯ ದಿನ ಗೋಡೆಗೆ ಒರಗಿ ಕುಳಿತು ಅರ್ಧ ರೊಟ್ಟಿ ತಿಂದ. ನೀಲವ್ವ ನನ್ನನ್ನು ಕಣ್ಣಿಗೆ ಒತ್ತಿಕೊಂಡಳು.

ಎರಡನೆಯ ಬಾಟಲಿ ತರುವಾಗ ಬಸ್ ನಿಲ್ದಾಣದಲ್ಲಿ ಪೊಲೀಸನೊಬ್ಬ ಅವಳ ಚೀಲ ತೆಗೆಸಿದ. ಬಾಟಲಿ ಮೂಸಿ ಹುಬ್ಬೇರಿಸಿದ. ಅವಳು ನನ್ನನ್ನು ಅವನ ಮುಂದೆ ಹಿಡಿದಳು. ಅವನು ಓದಿ, "ಹೋಗ್ರಿ ಅವ್ವಾ," ಎಂದ. ಅಷ್ಟೇ. ಆದರೆ ಅವಳ ಬೆವರಿಗೆ ನನ್ನ ಒಂದು ಮಡಿಕೆ ಬಿರುಕು ಬಿಟ್ಟಿತ್ತು. ನಾನು ಹರಿದರೆ ಗತಿಯೇನು ಎಂಬ ದಿಗಿಲು ಅವಳಿಗೆ ಹತ್ತಿತು. ಮರುದಿನವೇ ಝೆರಾಕ್ಸ್ ಅಂಗಡಿಗೆ ಹೋಗಿ ನನಗೆ ಲ್ಯಾಮಿನೇಷನ್ ಮಾಡಿಸಿದಳು.

ಬಿಸಿ ಯಂತ್ರದೊಳಗೆ ಒಂದು ಕ್ಷಣ ಉರಿಯಾಯಿತು. ಆಮೇಲೆ ಏನೂ ಇಲ್ಲ. ಬೆವರಿಲ್ಲ, ಗಾಳಿಯಿಲ್ಲ, ಬೆರಳಿನ ಬಿಸಿಯೂ ಇಲ್ಲ. ಮುಂದಿನದನ್ನೆಲ್ಲ ನಾನು ಕಂಡದ್ದು ಹೀಗೇ, ಜೋಮು ಹಿಡಿದವನಂತೆ.

ಒಂದು ಶುಕ್ರವಾರ ಬಾಟಲಿ ಖಾಲಿಯಾಗಿ ಅವಳು ಔಷಧದ ಅಂಗಡಿಗೆ ಹೋದಳು. ಔಷಧ ಕೊಟ್ಟಾಗಲೆಲ್ಲ ಮೂಲ ಚೀಟಿಯ ಮೇಲೆ ಶಿಕ್ಕಾ ಒತ್ತಿ ತಾರೀಖು ಬರೆಯುವುದು ಆ ಅಂಗಡಿಯ ನಿಯಮ. ಅಂಗಡಿಯವ ಒತ್ತಿದ. ನೇರಳೆ ಮಸಿ ನನ್ನ ಮೇಲೆ ಜಾರಿ ಅವನ ಹೆಬ್ಬೆರಳಿಗೆ ಅಂಟಿತು. ಒರೆಸಿ ಇನ್ನೊಮ್ಮೆ ಒತ್ತಿದ. ಮತ್ತೆ ಜಾರಿತು.

"ಇದೇನ್ ಮಾಡೀರಿ ಅಮ್ಮಾರ?"

"ಹರೀಬಾರ್ದಂತ ಮಾಡಿಸೀನ್ರೀ."

"ಪ್ಲಾಸ್ಟಿಕ್ ಮ್ಯಾಲೆ ಶಿಕ್ಕಾ ಕೂಡಂಗಿಲ್ಲ. ಶಿಕ್ಕಾ ಇಲ್ದ ಈ ಔಷಧ ಕೊಟ್ರ ನನ್ನ ಲೈಸೆನ್ಸ್ ಹೋಗ್ತದ. ಡಾಕ್ಟರ್ ಕಡೆ ಹೊಸಾದು ಬರಿಸ್ಕೊಂಡ್ ಬರ್ರಿ."

ವೈದ್ಯೆ ಬರುವುದು ಮುಂದಿನ ಗುರುವಾರ. ಫೋನಿನಲ್ಲಿ ಹೇಳಿಸಿದರೂ ಆಗದು, ಕೈಬರಹವೇ ಬೇಕು. ಕೆಟ್ಟವರು ಯಾರೂ ಇರಲಿಲ್ಲ. ಬಾಟಲಿ ಅಂಗಡಿಯವನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು.

ಮನೆಗೆ ಬಂದು ನೀಲವ್ವ ಎಲ್ಲವನ್ನೂ ಹೇಳಿದಳು. ಈರಪ್ಪ ಬೈಯಲಿಲ್ಲ. ನನ್ನನ್ನು ಇಸಿದುಕೊಂಡು ಅಂಚಿನ ಮೇಲೆ ಬೆರಳಾಡಿಸಿದ. ನಲವತ್ತು ವರ್ಷ ಬಾಗಿಲು, ಕಿಟಕಿ ಕೂಡಿಸಿದ ಬೆರಳು.

"ಚಲೋ ಕೂಡಿಸ್ಯಾರ. ಎಲ್ಲೂ ಸಂದಿಲ್ಲ," ಎಂದ.

ಆರು ದಿನ ಅವನು ಕೂಗಿದ. ಮೊದಲು ಹೆಂಡತಿಯ ಹೆಸರು ಹಿಡಿದು ಕೂಗಿದ, ಆಮೇಲೆ ಬರೀ ಕೂಗು. ನೀಲವ್ವ ಚಾಕುವಿನಿಂದ ನನ್ನ ಅಂಚು ಕೆರೆದು ಪ್ಲಾಸ್ಟಿಕ್ ಬಿಡಿಸಲು ನೋಡಿದಳು. ಬರಲಿಲ್ಲ. ಅವಳ ಕಣ್ಣೀರು ನನ್ನ ಮೇಲೆ ಬಿದ್ದು ಹಾಗೇ ನಿಂತಿತು, ಇಂಗಲಿಲ್ಲ.

ಗುರುವಾರ ಹೊಸ ಚೀಟಿ ಬಂತು, ಎಣ್ಣೆಯೂ ಬಂತು. ಆ ಮಧ್ಯಾಹ್ನ ಈರಪ್ಪ ನಿದ್ದೆ ಮಾಡಿದ. ಮೂರು ವಾರದ ಮೇಲೆ, ಕೂಗದೆ, ತೀರಿಕೊಂಡ. ಕಳೆದ ಆರು ದಿನಗಳನ್ನು ಮಾತ್ರ ಯಾರೂ ವಾಪಸು ಕೊಡಲಿಲ್ಲ.

ಈಗ ನಾನು ಅವನ ಉಳಿ, ಸುತ್ತಿಗೆಗಳ ಪೆಟ್ಟಿಗೆಯಲ್ಲಿದ್ದೇನೆ. ಅಕ್ಷರ ಮಾಸಿಲ್ಲ, ಮಾಸುವುದೂ ಇಲ್ಲ. ಚೀಟಿಯ ಬಾಳು ಹರಿಯುವುದರಲ್ಲೇ ಇತ್ತೆಂದು ನನಗೆ ತಡವಾಗಿ ತಿಳಿಯಿತು.

ಮೊನ್ನೆ ಓಣಿಯ ಮಾಬೂಬಿ ಬಂದಿದ್ದಳು. ಅವಳ ಅಕ್ಕನಿಗೂ ಅದೇ ಕಾಯಿಲೆ, ಅದೇ ಎಣ್ಣೆ. ಚೀಟಿಗೆ ಪ್ಲಾಸ್ಟಿಕ್ ಹಾಕಿಸಲು ಝೆರಾಕ್ಸ್ ಅಂಗಡಿ ತೆರೆದಿದೆಯೇ ಎಂದು ಕೇಳಿದಳು. ನೀಲವ್ವ ಪೆಟ್ಟಿಗೆ ತೆರೆದು ನನ್ನನ್ನು ಅವಳ ಮುಂದೆ ಹಿಡಿದಳು.

"ಹಿಂಗ ಮಾಡಿಸಬ್ಯಾಡ ತಂಗಿ. ಮಡಚಿ ಇಟ್ಕೋ. ಹರದ್ರ ಹರೀಲಿ."

ಮಾಬೂಬಿಯ ಮುಷ್ಟಿಯಲ್ಲಿದ್ದ ಚೀಟಿ ಬೆವರಿಗೆ ಒದ್ದೆಯಾಗಿತ್ತು.